ಊರು ಬಿಟ್ಟವರು, ಬಿಡಲಾಗದವರು: 1898ರ ಪ್ಲೇಗ್ ಮತ್ತು ನಮ್ಮ ಬೆಂಗಳೂರು

ಮೆಜೆಸ್ಟಿಕ್‌ನಲ್ಲಿ ಬಸ್ ಕಾಯ್ತಾ ಕೇಳ್ತಿದ್ದೀರೋ, ಗಾಂಧಿನಗರದಲ್ಲಿ ಅಂಗಡಿ ಶಟರ್ ಎಳೆದು ಮನೆ ಕಡೆ ಹೊರಟಿದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ರೂ ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಹಳೇ ಮನೆಗಳ ಹಿಂದೆ ಒಂದು ಕಿರಿದಾದ ಓಣಿ ಇರುತ್ತೆ, ನೋಡಿದ್ದೀರಾ? ಎರಡು ಸಾಲು ಮನೆಗಳ ಬೆನ್ನು ಒಂದಕ್ಕೊಂದು ತಾಗದ ಹಾಗೆ ಮಧ್ಯೆ ಬಿಟ್ಟಿರೋ ಜಾಗ. ಈಗ ಕೆಲವು ಕಡೆ ಅಲ್ಲಿ ಸ್ಕೂಟರ್ ನಿಲ್ಲಿಸ್ತಾರೆ, ಕೆಲವು ಕಡೆ ಗೋಡೆಗೆ ಚಿತ್ರ ಬರೆದಿದ್ದಾರೆ. ಕನ್ಸರ್ವೆನ್ಸಿ ಲೇನ್ ಅಂತಾರೆ ಅದಕ್ಕೆ.

ಆ ಓಣಿ ಯಾಕಿದೆ ಅಂತ ಹುಡುಕ್ತಾ ಹೋದ್ರೆ ಕಥೆ ಒಂದು ಸಾಂಕ್ರಾಮಿಕ ರೋಗಕ್ಕೆ ಹೋಗಿ ನಿಲ್ಲುತ್ತೆ. ಊರಿಗೆ ರೋಗ ಬಂದಾಗ ಕೈಲಾಗದವರನ್ನು ಯಾರು ಕಾಯಬೇಕು, ಹೇಗೆ ಕಾಯಬೇಕು ಅನ್ನೋ ಪ್ರಶ್ನೆಗೂ ಹೋಗುತ್ತೆ. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಮೊದಲು 1896ಕ್ಕೆ ಹೋಗೋಣ. ಆ ವರ್ಷ ಬಾಂಬೆಗೆ ಪ್ಲೇಗ್ ಬಂತು. ಅಲ್ಲಿಂದ ರೈಲು, ಬಂದರು, ಸಂತೆ ಹಿಡಿದು ಒಳನಾಡಿಗೆ ಇಳೀತು. ಹುಬ್ಬಳ್ಳಿ, ಧಾರವಾಡ ಕಡೆ ಹಬ್ಬಿತು. 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ, ಬೆಂಗಳೂರಿಗೆ ಬಂದೇ ಬಿಡ್ತು.

ಆಗ ಬೆಂಗಳೂರು ಅಂದ್ರೆ ಒಂದು ಊರಲ್ಲ, ಎರಡು. ಒಂದು, ಮೈಸೂರು ಸಂಸ್ಥಾನದ ಆಡಳಿತದಲ್ಲಿದ್ದ ಸಿಟಿ: ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ಹೀಗೆ ನಮ್ಮ ಪೇಟೆ. ಇನ್ನೊಂದು, ಬ್ರಿಟಿಷರ ಕೈಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಅಂದ್ರೆ ದಂಡು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, ಬೇರೆ ಬೇರೆ ಅಧಿಕಾರಿಗಳು. ಸಂಸ್ಥಾನದ ಕಡೆ ದಿವಾನರು ಕೆ. ಶೇಷಾದ್ರಿ ಅಯ್ಯರ್. ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಹುಡುಗ, ಅವರ ತಾಯಿ ವಾಣಿ ವಿಲಾಸ ಸನ್ನಿಧಾನ ರೀಜೆಂಟ್ ಆಗಿ ರಾಜ್ಯ ನೋಡ್ಕೋತಿದ್ರು.

ಪೇಟೆ ಹೇಗಿತ್ತು ಅಂತ ಊಹಿಸಿಕೊಳ್ಳಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಕೆಳಗೆ ಅಂಗಡಿ, ಮೇಲೋ ಹಿಂದೆಯೋ ಸಂಸಾರ. ಬೆಳಕು ಗಾಳಿ ಕಮ್ಮಿ. ಮೂಲೆ ಮೂಲೆಯಲ್ಲಿ ಅಕ್ಕಿ, ರಾಗಿ, ಬೇಳೆ ಮೂಟೆ. ಮೂಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಚಿಗಟ. ಪ್ಲೇಗ್ ಹರಡೋದೇ ಹಾಗೆ, ಇಲಿಯ ಮೈಮೇಲಿನ ಚಿಗಟದಿಂದ. ಪ್ಲೇಗ್‌ನ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡ್ರ್ ಯೆರ್ಸಿನ್ 1894ರಲ್ಲೇ ಗುರುತಿಸಿದ್ದ. ಚಿಗಟದ ಪಾತ್ರವನ್ನು ಪಾಲ್ ಲೂಯಿ ಸೀಮೋಂ ಅನ್ನೋ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದು ಇದೇ 1898ರಲ್ಲಿ. ಆದ್ರೆ ಅವನ ಮಾತನ್ನು ಜಗತ್ತು ಒಪ್ಪೋಕೆ ಇನ್ನೂ ಹಲವು ವರ್ಷ ಬೇಕಾಯ್ತು. ಹಾಗಾಗಿ ಬೆಂಗಳೂರಿನ ಅಧಿಕಾರಿಗಳ ತಲೆಯಲ್ಲಿದ್ದ ಶತ್ರುಗಳು ಕೊಳಕು, ಕತ್ತಲೆ, ಕೆಟ್ಟ ಗಾಳಿ, ಮತ್ತೆ ಒಂದೇ ಕಡೆ ತುಂಬಿಕೊಂಡಿರೋ ಜನ.

ಅವರ ಕೈಗೆ ಒಂದು ಕಾನೂನೂ ಬಂದಿತ್ತು. 1897ರಲ್ಲಿ ಬ್ರಿಟಿಷ್ ಇಂಡಿಯಾ ಎಪಿಡೆಮಿಕ್ ಡಿಸೀಸಸ್ ಆಕ್ಟ್ ತಂತು. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನದೇ ಕಾನೂನು ಮಾಡ್ಕೊಳ್ತು. ಬ್ರಿಟಿಷ್ ಕಾನೂನು ಓದಿ ನೋಡಿ, ಒಂದೆರಡು ಪುಟ ಅಷ್ಟೇ, ನಾಲ್ಕು ಸೆಕ್ಷನ್. ಸರ್ಕಾರಕ್ಕೆ ಬೇಕಾದ ನಿಯಮ ಮಾಡೋ ಅಧಿಕಾರ ಇದೆ, ಪಾಲಿಸದಿದ್ರೆ ಶಿಕ್ಷೆ ಇದೆ, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅಧಿಕಾರಿಯ ಮೇಲೆ ಕೇಸ್ ಹಾಕೋ ಹಾಗಿಲ್ಲ ಅಂತಾನೂ ಇದೆ. ಕ್ಯಾಂಪಿಗೆ ಕರ್ಕೊಂಡು ಹೋದವನ ಹೆಂಡತಿ ಮಕ್ಕಳಿಗೆ ಅವತ್ತು ಊಟ ಯಾರು ಹಾಕ್ತಾರೆ ಅನ್ನೋದಕ್ಕೆ ಒಂದು ಸಾಲೂ ಇಲ್ಲ. ಈ ಖಾಲಿ ಜಾಗ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸಂಸ್ಥಾನ ಒಬ್ಬ ಪ್ಲೇಗ್ ಕಮಿಷನರ್‌ನ ನೇಮಿಸ್ತು. ಹೆಸರು ವಿ.ಪಿ. ಮಾಧವರಾವ್, ಮುಂದೆ ಮೈಸೂರಿನ ದಿವಾನರೂ ಆದವರು. ರೈಲಿನಲ್ಲಿ ಬಂದವರ ತಪಾಸಣೆ ಶುರುವಾಯ್ತು. ರೋಗಿಗಳನ್ನು ಊರಾಚೆಯ ಕ್ಯಾಂಪಿಗೆ ಸಾಗಿಸಿದ್ರು. ಅವರ ಮನೆಯವರನ್ನೂ ಬೇರೆ ಇಟ್ರು. ಮನೆಗೆ ಔಷಧಿ ನೀರು ಹೊಡೆದ್ರು, ಬೆಳಕು ಬೀಳಲಿ ಅಂತ ಹೆಂಚು ತೆಗೆಸಿದ್ರು. ಕೆಲವು ಮನೆ ಕೆಡವಿದ್ದೂ ಉಂಟು.

ವೈದ್ಯಕೀಯವಾಗಿ ಇದರಲ್ಲಿ ಸ್ವಲ್ಪ ಅರ್ಥವೂ ಇತ್ತು. ಮನೆ ಖಾಲಿ ಮಾಡಿ ಬಯಲಿಗೆ ಹೋದ್ರೆ ಇಲಿಯಿಂದ, ಚಿಗಟದಿಂದ ದೂರ ಆಗ್ತೀರಿ. ಕಾರಣ ಗೊತ್ತಿಲ್ಲದೆ ಮಾಡಿದ್ರೂ ಪರಿಣಾಮ ಇತ್ತು. ಆದ್ರೆ ಇದನ್ನ ಜನ ಹೇಗೆ ಅನುಭವಿಸಿದ್ರು? ಪೊಲೀಸರ ಜೊತೆ ಅಪರಿಚಿತರು ಮನೆಯೊಳಗೆ ಬರ್ತಾರೆ. ಹೆಂಗಸರ ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಇದೆಯಾ ಅಂತ ನೋಡಬೇಕು ಅಂತಾರೆ. ಅಪ್ಪನ್ನ ಕ್ಯಾಂಪಿಗೆ ಒಯ್ತಾರೆ, ವಾಪಸ್ ಬರೋದು ಸುದ್ದಿ ಮಾತ್ರ. ಕೊನೆಗೆ ಜನ ರೋಗಿಗಳನ್ನ ಬಚ್ಚಿಡೋಕೆ ಶುರು ಮಾಡಿದ್ರು.

ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. ಪುಣೆಯಲ್ಲಿ ಸೈನಿಕರನ್ನು ಮನೆಮನೆಗೆ ಕಳಿಸಿದ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು 1897ರ ಜೂನ್‌ನಲ್ಲಿ ಗುಂಡು ಹಾರಿಸಿದ್ರು. ನಮ್ಮ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1898ರ ನವೆಂಬರ್‌ನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ದೊಡ್ಡ ಗಲಭೆ ಆಯ್ತು, ಪೊಲೀಸರು ಗುಂಡು ಹಾರಿಸಿದ್ರು. ಆಮೇಲಾಮೇಲೆ ಭಾರತದ ಹಲವು ಕಡೆ ಸರ್ಕಾರಗಳು ಬಲವಂತ ಸಡಿಲಿಸಿ, ಮನವೊಲಿಸೋ ದಾರಿ ಹಿಡಿದವು. ಅಷ್ಟು ಹೊತ್ತಿಗೆ ನಂಬಿಕೆ ಮುರಿದು ಆಗಿತ್ತು.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು, ಡಾ. ಪಲ್ಪು. ತಿರುವಾಂಕೂರಿನವರು. ಈಳವ ಜಾತಿಯಲ್ಲಿ ಹುಟ್ಟಿದ್ರು ಅನ್ನೋ ಒಂದೇ ಕಾರಣಕ್ಕೆ, ಡಾಕ್ಟರ್ ಓದಿದ್ರೂ ಅವರ ಸ್ವಂತ ಸಂಸ್ಥಾನ ಕೆಲಸ ಕೊಡಲಿಲ್ಲ. ಮೈಸೂರು ಕೊಡ್ತು. 1898ರಲ್ಲಿ ಊರೆಲ್ಲ ಗಾಡಿ ಕಟ್ಟಿಕೊಂಡು ಹೊರಡೋವಾಗ ಈ ಮನುಷ್ಯ ಬೆಂಗಳೂರಿನ ಪ್ಲೇಗ್ ಕ್ಯಾಂಪಿನಲ್ಲಿ ಹೆಣಗಳ ನಡುವೆ ಕೆಲಸ ಮಾಡಿದ್ರು. ಅದಾಗಿ ಐದು ವರ್ಷಕ್ಕೆ, 1903ರಲ್ಲಿ, ನಾರಾಯಣ ಗುರುಗಳ ಜೊತೆ ಎಸ್‌ಎನ್‌ಡಿಪಿ ಕಟ್ಟಿದವರಲ್ಲಿ ಅವರೂ ಒಬ್ಬರು. ಮುಟ್ಟಬಾರದು ಅಂತ ಸಮಾಜ ದೂರ ಇಟ್ಟವರೇ, ಯಾರೂ ಮುಟ್ಟದ ರೋಗಿಯನ್ನು ಮುಟ್ಟಿ ನೋಡಿಕೊಂಡ್ರು.

ಈಗ ಲೆಕ್ಕ. ನನ್ನದು ಬಿ.ಕಾಂ., ಅಂಕಿ ಇಲ್ಲದೆ ಸಮಾಧಾನ ಇಲ್ಲ. 1891ರ ಜನಗಣತಿಯಲ್ಲಿ ಸಿಟಿ ಮತ್ತೆ ದಂಡು ಸೇರಿ ಬೆಂಗಳೂರಿನ ಜನಸಂಖ್ಯೆ 1,80,366. 1901ರಲ್ಲಿ 1,59,046. ಹತ್ತು ವರ್ಷದಲ್ಲಿ 21,320 ಜನ ಕಮ್ಮಿ. ಪೇಟೆ ಇದ್ದ ಸಿಟಿ ಭಾಗ ಮಾತ್ರ ತಗೊಂಡ್ರೆ 80,285ರಿಂದ 69,447ಕ್ಕೆ ಇಳೀತು. ಅಂದ್ರೆ ಸುಮಾರು ಏಳು ಜನರಲ್ಲಿ ಒಬ್ಬರು ಇಲ್ಲ. ಅಷ್ಟೂ ಜನ ಸತ್ತರು ಅಂತಲ್ಲ. ಸತ್ತವರು ಸಾವಿರಾರು, ಊರು ಬಿಟ್ಟವರೂ ಸಾವಿರಾರು.

ಊರು ಬಿಟ್ಟವರು ಯಾರು? ಹಳ್ಳಿಯಲ್ಲಿ ಜಮೀನಿದ್ದವರು, ನೆಂಟರಿದ್ದವರು, ಗಾಡಿ ಬಾಡಿಗೆ ಕೊಡೋಕೆ ಆಗ್ತಿದ್ದವರು, ನಾಲ್ಕು ತಿಂಗಳು ಅಂಗಡಿ ಮುಚ್ಚಿದ್ರೂ ಒಲೆ ಉರೀತಿದ್ದವರು. ಉಳಿದವರು? ಅವತ್ತಿನ ಕೂಲಿಗೆ ಅವತ್ತು ದುಡಿಯೋ ಹಮಾಲಿ, ಮಗ್ಗದ ಕೆಲಸದವರು, ಮುದುಕರು, ಹಾಸಿಗೆ ಹಿಡಿದವರು, ಊರು ಗುಡಿಸೋರು. ರೋಗಕ್ಕೆ ಜಾತಿ ಇಲ್ಲ, ಹಣ ಇಲ್ಲ ಅಂತ ಹೇಳ್ತೀವಲ್ಲ, ಇಲಿಗೂ ಚಿಗಟಕ್ಕೂ ಆ ಮಾತು ನಿಜ. ಓಡಿಹೋಗೋ ದಾರಿಗೆ ಮಾತ್ರ ಜಾತಿಯೂ ಇತ್ತು, ಹಣವೂ ಇತ್ತು. ದಾರಿ ಇಲ್ಲದವರು ದೇವರ ಮೊರೆ ಹೋದ್ರು. ಬೆಂಗಳೂರಿನಲ್ಲಿ ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಅಂತ ಗುಡಿಗಳು ಇವತ್ತಿಗೂ ಇವೆ.

ಇನ್ನು ಆ ಓಣಿಗೆ ಬರೋಣ. ಪ್ಲೇಗ್ ಬರೋ ಮುಂಚೆಯೇ, 1892ರಲ್ಲಿ, ಪೇಟೆಯ ಒತ್ತಡ ಇಳಿಸೋಕೆ ಚಾಮರಾಜಪೇಟೆ ಶುರುವಾಗಿತ್ತು. ಪ್ಲೇಗ್ ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರದ ಕೆಲಸಕ್ಕೆ ವೇಗ ಸಿಕ್ತು. ನೇರವಾದ ಅಗಲ ರಸ್ತೆ, ಮನೆ ಸುತ್ತ ಜಾಗ, ಪಾರ್ಕು, ಚರಂಡಿ. ನಾವು ಇವತ್ತು ಹಳೇ ಬೆಂಗಳೂರು ಅಂತ ಫೋಟೊ ಹಾಕಿ ಹೆಮ್ಮೆ ಪಡ್ತೀವಲ್ಲ, ಆ ಊರಿಗೆ ಆಕಾರ ಕೊಟ್ಟದ್ದರಲ್ಲಿ ಪ್ಲೇಗ್‌ನ ಭಯಕ್ಕೆ ದೊಡ್ಡ ಪಾಲಿದೆ.

ಒಳ್ಳೇ ಕೆಲಸ, ಇಲ್ಲ ಅನ್ನಲ್ಲ. ಆದ್ರೆ ಸೈಟು ಸಿಕ್ಕಿದ್ದು ಸೈಟಿಗೆ ದುಡ್ಡು ಕೊಟ್ಟು, ನಿಯಮದ ಪ್ರಕಾರ ಮನೆ ಕಟ್ಟೋ ಶಕ್ತಿ ಇದ್ದವರಿಗೆ. ಬ್ಲಾಕುಗಳನ್ನ ಜಾತಿವಾರು ಹಂಚಿದ್ದೂ ಇದೆ. ಮತ್ತೆ ಆ ಹಿಂದಿನ ಓಣಿ? ಆಗ ಒಳಚರಂಡಿ ಇರಲಿಲ್ಲ, ಮಲದ ಬುಟ್ಟಿಯನ್ನು ಮನುಷ್ಯರೇ ಹೊರಬೇಕಿತ್ತು. ಅವರು ಮುಂಬಾಗಿಲ ರಸ್ತೆಯಲ್ಲಿ ಕಾಣಿಸಬಾರದು ಅಂತ ಮಾಡಿದ ದಾರಿ ಅದು. ಒಂದು ಕ್ಷಣ ಯೋಚನೆ ಮಾಡಿ. ರೋಗದಿಂದ ಊರನ್ನ ಉಳಿಸೋಕೆ ಮಾಡಿದ ಪ್ಲ್ಯಾನ್‌ನಲ್ಲಿ, ಅತಿ ಹೆಚ್ಚು ಅಪಾಯದ ಕೆಲಸ ಮಾಡೋ ಮನುಷ್ಯನಿಗೆ ಕೊಟ್ಟ ಜಾಗ ಹಿಂದಿನ ಓಣಿ. ಅವನಿಗೆ ಅಲ್ಲಿ ಸೈಟಿಲ್ಲ, ದಾರಿ ಮಾತ್ರ ಇದೆ. ಮಲ ಹೊರುವ ಪದ್ಧತಿ ನಿಲ್ಲಿಸೋಕೆ ಕರ್ನಾಟಕದಲ್ಲಿ 1970ರ ದಶಕದವರೆಗೆ, ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಆದೇಶ ಮಾಡೋವರೆಗೆ ಕಾಯಬೇಕಾಯ್ತು.

ಪ್ಲೇಗ್ ಆಗಿ ಇಪ್ಪತ್ತು ವರ್ಷಕ್ಕೆ, 1918ರಲ್ಲಿ, ಇನ್‌ಫ್ಲುಯೆಂಜಾ ಬಂತು. ಈ ಸಲ ಇಲಿ ಅಲ್ಲ, ಉಸಿರು. ಮನೆ ಕೆಡವಿ ಪ್ರಯೋಜನ ಇಲ್ಲ, ಕ್ಯಾಂಪಿಗೆ ಸಾಗಿಸೋಣ ಅಂದ್ರೆ ಮಲಗಿರೋದು ಅರ್ಧ ಊರು. ಆಗ ಬೆಂಗಳೂರು ಸಿಟಿ ಮುನಿಸಿಪಾಲಿಟಿಯ ಅಧ್ಯಕ್ಷರು ಕೆ.ಪಿ. ಪುಟ್ಟಣ್ಣ ಚೆಟ್ಟಿ. ಕಾರ್ಪೊರೇಷನ್ ಹತ್ತಿರದ ಟೌನ್‌ಹಾಲ್‌ಗೆ ಹೆಸರಿದೆಯಲ್ಲ, ಅವರೇ. ಅಧಿಕಾರಿಗಳು, ಸ್ವಯಂಸೇವಕರು ಸೇರಿ ಬೀದಿ ಬೀದಿಗೆ ಹೋದ್ರು, ಮನೆಬಾಗಿಲಿಗೆ ಔಷಧ ಕೊಟ್ರು, ಬಡವರಿಗೆ ಗಂಜಿ ಹಂಚಿದ್ರು. ಸಾವು ನಿಲ್ಲಲಿಲ್ಲ, ಸಂಸ್ಥಾನದ ತುಂಬ ಅಪಾರ ಜನ ಹೋದ್ರು. ಆ ಜ್ವರಕ್ಕೆ ಆಗ ಔಷಧಿಯೇ ಇರಲಿಲ್ಲ. ಆದ್ರೆ ಒಂದು ವ್ಯತ್ಯಾಸ ಗಮನಿಸಿ. 1898ರಲ್ಲಿ ಮನೆಬಾಗಿಲಿಗೆ ಬಂದವನು ಯಾರನ್ನೋ ಕರ್ಕೊಂಡು ಹೋಗೋಕೆ ಬಂದಿದ್ದ. 1918ರಲ್ಲಿ ಬಂದವನು ಕೈಯಲ್ಲಿ ಗಂಜಿ ಹಿಡಿದು ಬಂದಿದ್ದ. ಅದೇ ಬಾಗಿಲು. ತೆಗೆಯೋ ಮನಸ್ಸು ಬೇರೆ.

ನನ್ನ ಪ್ರಕಾರ ಸ್ಥಳೀಯ ಸರ್ಕಾರ ಅಂದ್ರೆ ಅಷ್ಟೇ: ಬಾಗಿಲು ತಟ್ಟಿದಾಗ ಜನ ತೆಗೀತಾರಾ ಇಲ್ವಾ ಅನ್ನೋದು.

ಈಗ 2020ಕ್ಕೆ ಬರೋಣ, ಇದು ನಮ್ಮೆಲ್ಲರಿಗೂ ಗೊತ್ತಿರೋ ಭಾಗ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡಕ್ಕೆ ದೇಶ ಬಂದ್. ಬಳಸಿದ ಕಾನೂನುಗಳಲ್ಲಿ ಒಂದು ಅದೇ 1897ರ ಎಪಿಡೆಮಿಕ್ ಆಕ್ಟ್. ಖಾಲಿ ಜಾಗ ಅಂದಿದ್ನಲ್ಲ, ಆ ಖಾಲಿ ಜಾಗದ ಸಮೇತ.

ಏಪ್ರಿಲ್‌ನಲ್ಲಿ ಚಾಮರಾಜಪೇಟೆ ಪಕ್ಕದ ಪಾದರಾಯನಪುರ ವಾರ್ಡ್ ಸೀಲ್‌ಡೌನ್ ಆಯ್ತು. ಸೋಂಕಿತರ ಸಂಪರ್ಕದವರನ್ನ ಕ್ವಾರಂಟೈನ್‌ಗೆ ಕರ್ಕೊಂಡು ಹೋಗೋಕೆ ಏಪ್ರಿಲ್ 19ರಂದು ಸಿಬ್ಬಂದಿ ಹೋದಾಗ ಗಲಾಟೆ ಆಯ್ತು, ಬ್ಯಾರಿಕೇಡ್ ಮುರಿದ್ರು. ಹಲವರನ್ನ ಬಂಧಿಸಿ ರಾಮನಗರ ಜೈಲಿಗೆ ಹಾಕಿದ್ರು, ಅವರಲ್ಲಿ ಕೆಲವರಿಗೆ ಅಲ್ಲೇ ಪಾಸಿಟಿವ್ ಬಂತು, ಮತ್ತೆ ಬೆಂಗಳೂರಿಗೆ ಕರೆತಂದ್ರು. ಕೆಲಸಕ್ಕೆ ಬಂದ ಆಶಾ ಕಾರ್ಯಕರ್ತೆ ಮೇಲೋ ಪಾಲಿಕೆ ಸಿಬ್ಬಂದಿ ಮೇಲೋ ಕೈ ಮಾಡೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ರಾಜ್ಯ ಸರ್ಕಾರ ಆಮೇಲೆ ಅದಕ್ಕೇ ಅಂತ ಹೊಸ ಕಾನೂನೂ ತಂತು. ಆದ್ರೆ ಇತಿಹಾಸ ಓದಿದವರಿಗೆ ಗಂಜಾಂ ನೆನಪಾಗದೆ ಇರುತ್ತಾ? ಸಣ್ಣ ಮನೆ, ದಿನಗೂಲಿ, ಎಲ್ಲಿಗೆ ಒಯ್ತಾರೋ ಅನ್ನೋ ಭಯ. ನೂರಿಪ್ಪತ್ತೆರಡು ವರ್ಷ ಆದ್ರೂ ಆ ಭಯಕ್ಕೆ ನಮ್ಮ ಹತ್ರ ಇದ್ದ ಮೊದಲ ಉತ್ತರ ಬ್ಯಾರಿಕೇಡೇ.

ಮೇ ಮೊದಲ ವಾರ, ಮೆಜೆಸ್ಟಿಕ್. ಊರಿಗೆ ಹೋಗ್ತೀವಿ ಅಂತ ಸಾವಿರಾರು ಕಾರ್ಮಿಕರು ಗಂಟು ಮೂಟೆ, ಮಕ್ಕಳು ಸಮೇತ ಬಂದು ನಿಂತ್ರು. ಬಸ್ ಚಾರ್ಜ್ ಜಾಸ್ತಿ ಅಂತ ಗಲಾಟೆ ಆದ ಮೇಲೆ ಸರ್ಕಾರ ಉಚಿತ ಬಸ್ ಬಿಡ್ತು. ಅದೇ ವಾರ, ಬೇರೆ ರಾಜ್ಯದ ಕಾರ್ಮಿಕರಿಗೆ ಬಿಟ್ಟಿದ್ದ ಶ್ರಮಿಕ್ ರೈಲುಗಳು ಬೇಡ ಅಂತ ಸರ್ಕಾರ ರೈಲ್ವೆಗೆ ಬರೀತು. ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರ್‌ಗಳ ಜೊತೆ ಸಭೆ ಮಾಡಿದ ಮೇಲೆ ಆದ ತೀರ್ಮಾನ ಅದು. ಟೀಕೆ ಜೋರಾಯ್ತು, ಕೆಲವೇ ದಿನದಲ್ಲಿ ರೈಲು ಮತ್ತೆ ಬಂತು. 1898ರ ಪ್ರಶ್ನೆಯೇ ಇದು: ಊರು ಬಿಡೋಕೆ ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ? ಮೇ 6ರಂದು 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಣೆ ಆಯ್ತು. ಆಟೊ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ತಲಾ 5,000. ಒಳ್ಳೇದೇ. ಆದ್ರೆ ಅದು ಲಾಕ್‌ಡೌನ್ ಶುರುವಾಗಿ ಆರು ವಾರ ಆದ ಮೇಲೆ. ದಿನಗೂಲಿಯವರ ಲೆಕ್ಕದಲ್ಲಿ ಆರು ವಾರ ಅಂದ್ರೆ ನಲವತ್ತೆರಡು ರಾತ್ರಿ ಊಟ.

ಈ ಎಲ್ಲದರ ನಡುವೆ ಒಂದು ಗುಂಪಿಗೆ ಒಂದು ದಿನವೂ ಲಾಕ್‌ಡೌನ್ ಇರಲಿಲ್ಲ, ಪೌರಕಾರ್ಮಿಕರಿಗೆ. ಬಹುಪಾಲು ದಲಿತ ಹೆಣ್ಣುಮಕ್ಕಳು. ಹಿಂದಿನ ಓಣಿಯ ಮನುಷ್ಯನ ಮೊಮ್ಮಕ್ಕಳು ಅಂತ ಬೇಕಾದ್ರೆ ಅನ್ನಿ. ಅವರ ಮೇಲೆ ಹೂ ಹಾಕಿದ್ವಿ, ಚಪ್ಪಾಳೆ ತಟ್ಟಿದ್ವಿ. ಕೆಲಸ ಕಾಯಂ ಆಗೋಕೆ 2022ರಲ್ಲಿ ಮುಷ್ಕರ ಮಾಡಬೇಕಾಯ್ತು. 12 ಸಾವಿರಕ್ಕೂ ಹೆಚ್ಚು ಜನರ ಕೈಗೆ ಕಾಯಂ ಆದೇಶ ಬಂದಿದ್ದು 2025ರ ಮೇ 1ಕ್ಕೆ. ಆಶಾ ಕಾರ್ಯಕರ್ತೆಯರೂ ಅಷ್ಟೇ. ಯಾರ ಮನೆಯಲ್ಲಿ ವಯಸ್ಸಾದವರಿದ್ದಾರೆ, ಯಾರು ಬಸುರಿ ಅಂತ ಬೀದಿ ಬೀದಿ ತಿರುಗಿ ಬರೆದುಕೊಂಡವರು, ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ 2020ರ ಜುಲೈನಲ್ಲಿ ಮುಷ್ಕರಕ್ಕೆ ಇಳಿದ್ರು, ರೋಗ ಏರ್ತಿದ್ದ ಹೊತ್ತಲ್ಲೇ.

ಇನ್ನೊಂದು ದಿನಾಂಕ: 2020ರ ಸೆಪ್ಟೆಂಬರ್ 10. ಅವತ್ತು ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗೀತು. ಚುನಾವಣೆ ಆಗಲಿಲ್ಲ. ಎಂಟು ತಿಂಗಳಲ್ಲಿ ಎರಡನೇ ಅಲೆ. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಕೇಸ್. ಚಾಮರಾಜಪೇಟೆಯ ಟಿ.ಆರ್. ಮಿಲ್ ಚಿತಾಗಾರದ ಗೇಟಿಗೆ ಹೌಸ್‌ಫುಲ್ ಅಂತ ಬೋರ್ಡ್ ಹಾಕಿದ್ರು. ಗಾಂಧಿನಗರದ ಥಿಯೇಟರ್ ಮುಂದೆ ನೋಡಿ ಖುಷಿಪಡ್ತಿದ್ದ ಪದ ಅದು. ಬೆಡ್ ಬೇಕು, ಆಕ್ಸಿಜನ್ ಬೇಕು ಅಂತ ಜನ ರಾತ್ರಿಯೆಲ್ಲ ಫೋನ್ ಮಾಡ್ತಿದ್ದಾಗ 198 ವಾರ್ಡ್‌ಗಳಲ್ಲಿ ಒಂದರಲ್ಲೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಕಾರ್ಪೊರೇಟರ್ ಇದ್ದಿದ್ರೆ ಎಲ್ಲ ಸರಿ ಹೋಗ್ತಿತ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ಬಯ್ಯೋಕೆ, ಬಾಗಿಲು ತಟ್ಟೋಕೆ, ನಾಳೆ ವೋಟು ಕೇಳೋಕೆ ಬರಲೇಬೇಕಾದ ಒಂದು ಮುಖ ಬೀದಿಯಲ್ಲಿ ಇರ್ತಿತ್ತು.

ಹಾಗಾದ್ರೆ ಏನು ಮಾಡಬಹುದು? ಈ ಮೂರು ರೋಗಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ನನಗೆ ಕಾಣೋದು ನಾಲ್ಕು ವಿಷಯ.

ಒಂದು, ಪಟ್ಟಿ. ಒಂಟಿಯಾಗಿರೋ ವೃದ್ಧರು, ಡಯಾಲಿಸಿಸ್‌ನಲ್ಲಿರೋರು, ಗರ್ಭಿಣಿಯರು, ಫುಟ್‌ಪಾತ್ ಮೇಲೆ ಮಲಗೋರು, ಹಾಸ್ಟೆಲ್‌ನಲ್ಲಿರೋ ಕೂಲಿಯವರು, ಇವರು ಯಾವ ಬೀದಿಯಲ್ಲಿ ಎಷ್ಟು ಜನ ಅಂತ ವಾರ್ಡ್ ಆಫೀಸಿಗೆ ರೋಗ ಬರೋ ಮುಂಚೆ ಗೊತ್ತಿರಬೇಕು.

ಎರಡು, ಊಟ ಮೊದಲು, ಬೀಗ ಆಮೇಲೆ. ಕೇರಳದಲ್ಲಿ 2020ರ ಲಾಕ್‌ಡೌನ್ ಶುರುವಾದ ಕೆಲವೇ ದಿನದಲ್ಲಿ ಪಂಚಾಯ್ತಿಗಳು, ನಗರಸಭೆಗಳು ಕುಟುಂಬಶ್ರೀ ಹೆಣ್ಣುಮಕ್ಕಳ ಜೊತೆ ಸೇರಿ ಸಾವಿರಕ್ಕೂ ಹೆಚ್ಚು ಸಮುದಾಯ ಅಡುಗೆಮನೆ ತೆಗೆದವು. ನಮ್ಮಲ್ಲಿ 2017ರಿಂದಲೇ ಇಂದಿರಾ ಕ್ಯಾಂಟೀನ್ ಇತ್ತು, ಇದು ಸಣ್ಣ ಆಸ್ತಿ ಅಲ್ಲ. 2021ರ ಮೇನಲ್ಲಿ ಅಲ್ಲಿ ಉಚಿತ ಊಟ ಕೊಟ್ರು. ಮೊದಲ ದಿನದಿಂದಲೇ ಹಾಗಾಗಬೇಕು ಅಂತ ನಿಯಮದಲ್ಲೇ ಬರೆದಿಡಬಹುದು. 1897ರವರು ಖಾಲಿ ಬಿಟ್ಟ ಜಾಗ ಇದೇ.

ಮೂರು, ಅಪಾಯದ ಕೆಲಸ ಮಾಡೋರು ಮೊದಲು. ಪೌರಕಾರ್ಮಿಕರಿಗೆ, ಆಶಾ ಕಾರ್ಯಕರ್ತೆಯರಿಗೆ, ಚಿತಾಗಾರದ ಸಿಬ್ಬಂದಿಗೆ ಗ್ಲೌಸು, ಸಂಬಳ ಸಹಿತ ರಜೆ, ಆಸ್ಪತ್ರೆ ಖರ್ಚು ಮೊದಲೇ ಖಾತ್ರಿ ಇರಬೇಕು. ಚಪ್ಪಾಳೆ ಆಮೇಲೆ ತಟ್ಟೋಣ.

ನಾಲ್ಕು, ಜವಾಬ್ದಾರಿ ಇರೋ ಮುಖ. ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ಚುನಾಯಿತ ಪಾಲಿಕೆ ಬೇಕು, ದೊಡ್ಡ ನಗರಗಳಿಗೆ ವಾರ್ಡ್ ಸಮಿತಿ ಬೇಕು ಅಂತ 1990ರ ದಶಕದಲ್ಲೇ ಹೇಳಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಬೋರ್ಡು ಐದಾದ್ರೂ ಐವತ್ತಾದ್ರೂ, ನಿಮ್ಮ ಬೀದಿಯ ಅಜ್ಜಿಯ ಹೆಸರು ಗೊತ್ತಿರೋ ಒಬ್ಬರು ಅದರೊಳಗೆ ಇರಬೇಕು.

ಪ್ಲೇಗ್ ಬಂದಾಗ ಬೆಂಗಳೂರು ರಸ್ತೆ ಅಗಲ ಮಾಡ್ತು, ಪಾರ್ಕ್ ಮಾಡ್ತು, ಹೊಸ ಬಡಾವಣೆ ಕಟ್ತು. ಆ ರಸ್ತೆಗಳು ಇವತ್ತಿಗೂ ನಮಗೆ ಗಾಳಿ ಬೆಳಕು ಕೊಡ್ತಿವೆ, ಅದಕ್ಕೆ ಋಣಿ. ಕಲ್ಲು ಮಣ್ಣಿನ ಪಾಠ ನಾವು ಬೇಗ ಕಲಿತ್ವಿ. ಜನರ ಪಾಠ ಇನ್ನೂ ಬಾಕಿ ಇದೆ.

ನಿಮ್ಮ ವಾರ್ಡ್ ನಂಬರ್ ಯಾವುದು, ಆಫೀಸ್ ಎಲ್ಲಿದೆ, ಅಲ್ಲಿ ಇಂಥ ಪಟ್ಟಿ ಇದೆಯಾ ಅಂತ ಈ ವಾರ ಒಮ್ಮೆ ವಿಚಾರಿಸಿ ನೋಡಿ. ಏನು ಉತ್ತರ ಸಿಕ್ತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ.